ಹಪಾಹಪಿಯ ಬೇರು ಎಲ್ಲಿದೆ?

ಬೆಳಿಗ್ಗೆ ಹತ್ತಕ್ಕೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶಕ್ಕೆ ಎರಡು ನೀಲಿ ಟಿಕ್ ಬಿದ್ದಿವೆ, ಉತ್ತರ ಬಂದಿಲ್ಲ. ಹನ್ನೊಂದಕ್ಕೆ ಇನ್ನೊಂದು ಸಂದೇಶ, ಹನ್ನೆರಡಕ್ಕೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಗಂಟೆಗೆ ಮಿಸ್ಡ್ ಕಾಲ್. ಸಂಜೆ ಮುಖ ಗಂಟಿಕ್ಕಿಕೊಂಡು ಕೂತವರಿಗೆ ‘ಮೀಟಿಂಗ್‌ನಲ್ಲಿದ್ದೆ’ ಎಂಬ ಸಮಜಾಯಿಷಿ ಸಾಲುವುದಿಲ್ಲ, ಅದನ್ನು ದಿನಾ ಕೊಡಬೇಕಾದವರಿಗೂ ಸಾಕಾಗಿ ಹೋಗಿರುತ್ತದೆ. ಇಂಥ ಮನೆಗಳಲ್ಲಿ ಒಬ್ಬರಿಗೆ ‘ಅತಿಯಾಗಿ ಹಚ್ಚಿಕೊಳ್ಳುವವರು’ ಎಂದೂ ಇನ್ನೊಬ್ಬರಿಗೆ ‘ಕಲ್ಲುಮನಸ್ಸಿನವರು’ ಎಂದೂ ಹೆಸರು ಬೀಳುವುದು ತಡವಾಗುವುದಿಲ್ಲ. ಬುದ್ಧಿಮಾತುಗಳೂ ಸಿದ್ಧವಿರುತ್ತವೆ. ಮೊದಲನೆಯವರಿಗೆ ‘ನಿನ್ನ ಕಾಲ ಮೇಲೆ ನೀನು ನಿಲ್ಲುವುದನ್ನು ಕಲಿ’ ಎನ್ನುತ್ತಾರೆ, ಎರಡನೆಯವರಿಗೆ ‘ಸಲುಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ’ ಎನ್ನುತ್ತಾರೆ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ: ಪ್ರೀತಿಯ ಹಸಿವು ಕೆಲವರಿಗೆ ಸ್ವಭಾವದಿಂದಲೇ ಹೆಚ್ಚು, ಅದನ್ನು ಅವರು ಅದುಮಿಕೊಳ್ಳಬೇಕು, ಇಲ್ಲವೇ ಬೇರೆಯವರು ಅದಕ್ಕೆ ಸೊಪ್ಪು ಹಾಕಬಾರದು. ಏಳು ದಶಕಗಳಿಂದ ಮಕ್ಕಳ ಮೇಲೂ ದಂಪತಿಗಳ ಮೇಲೂ ನಡೆದಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಿದರೆ ಈ ನಂಬಿಕೆಗೆ ಬೇಕಾದಷ್ಟು ಆಧಾರ ಸಿಗುವುದಿಲ್ಲ. ಆಸರೆಯ ಬಯಕೆ ಎಲ್ಲರಿಗೂ ಇದೆ. ಕೇಳಿದಾಗ ಆಸರೆ ಸಿಗುತ್ತದೋ ಇಲ್ಲವೋ ಎಂಬುದು ತಿಳಿಯದೇ ಹೋದಾಗ ಆ ಬಯಕೆ ಹಪಾಹಪಿಯಾಗುತ್ತದೆ. ಹಾಗಾಗಿ ಮದ್ದು ಬೀಳಬೇಕಾದದ್ದು ಈ ಅನಿಶ್ಚಿತತೆಯ ಮೇಲೆ ಎಂಬುದು ಈ ಲೇಖನದ ವಾದ.

ಎರಡನೆಯ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಮಾನಸಿಕ ಸ್ಥಿತಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಅವರಿಂದ ವರದಿ ಬರೆಸಿತು. ಅದು 1951ರಲ್ಲಿ ಪ್ರಕಟವಾಯಿತು. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿಗಾಗಿ ಎಂದೇ ಅಂದಿನ ಬಹುಪಾಲು ವಿದ್ವಾಂಸರು ತಿಳಿದಿದ್ದರು. ಅಮೆರಿಕದ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಕೋತಿಮರಿಗಳ ಪ್ರಯೋಗ ಆ ತಿಳಿವಳಿಕೆಯನ್ನು ಅಲುಗಾಡಿಸಿತು. ಹಾಲಿನ ಬಾಟಲಿ ಇದ್ದ ತಂತಿಯ ಬೊಂಬೆಯ ಬಳಿ ಮರಿಗಳು ಹೊಟ್ಟೆ ತುಂಬಿಸಿಕೊಳ್ಳಲಷ್ಟೇ ಹೋಗುತ್ತಿದ್ದವು, ಉಳಿದ ಹೊತ್ತೆಲ್ಲ ಮೆತ್ತನೆಯ ಬಟ್ಟೆ ಸುತ್ತಿದ ಬೊಂಬೆಯನ್ನೇ ಅಪ್ಪಿಕೊಂಡಿರುತ್ತಿದ್ದವು. ಬೌಲ್ಬಿಯ ಸಹೋದ್ಯೋಗಿಯಾಗಿದ್ದ ಮೇರಿ ಏನ್ಸ್‌ವರ್ತ್ ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಕ್ಕಳನ್ನು ಅವರ ಮನೆಗಳಲ್ಲೇ ಕೂತು ಗಮನಿಸಿದರು. ಅವರು ರೂಪಿಸಿದ ಪರೀಕ್ಷೆ ಸರಳವಾದದ್ದು. ಒಂದು ವರ್ಷದ ಮಗು, ಗುರುತಿಲ್ಲದ ಕೋಣೆ, ನೆಲದ ಮೇಲೆ ಆಟಿಕೆಗಳು. ಸುಮಾರು ಇಪ್ಪತ್ತು ನಿಮಿಷದಲ್ಲಿ ತಾಯಿ ಎರಡು ಸಲ ಹೊರಗೆ ಹೋಗಿ ಎರಡು ಸಲ ಮರಳುತ್ತಾಳೆ. ಅವಳು ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ ಬಂದಾಗ ಏನು ಮಾಡಿತು ಎಂಬುದನ್ನು ಏನ್ಸ್‌ವರ್ತ್ ಮುಖ್ಯವೆಂದು ಹಿಡಿದರು. ಹೆಚ್ಚಿನ ಮಕ್ಕಳು ತಾಯಿಯ ತೆಕ್ಕೆಗೆ ಹೋಗಿ, ಸಮಾಧಾನಗೊಂಡು ಮತ್ತೆ ಆಟಕ್ಕೆ ಇಳಿದವು. ಕೆಲವು ತಾಯಿ ಬಂದದ್ದು ಕಾಣದಂತೆ ಆಟಿಕೆಯ ಕಡೆ ಮುಖ ತಿರುಗಿಸಿದವು. ಇನ್ನು ಕೆಲವು ಅಳುತ್ತ ತೋಳು ಚಾಚಿದವು, ಎತ್ತಿಕೊಂಡರೆ ಕೊಸರಿ ಒದ್ದವು, ಇಳಿಸಿದರೆ ಮತ್ತೆ ಅತ್ತವು. ಅವಕ್ಕೆ ಆಟದ ಕಡೆ ಮನಸ್ಸೇ ಹೋಗಲಿಲ್ಲ.

ಈ ಮೂರನೆಯ ಗುಂಪಿನ ಮಕ್ಕಳ ಮನೆಗಳಲ್ಲಿ ಪ್ರೀತಿಗೆ ಬರ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ತಾಯಂದಿರ ಸ್ಪಂದನಕ್ಕೆ ಒಂದು ಕ್ರಮ ಇರಲಿಲ್ಲ. ಮಗು ಅತ್ತಾಗ ಒಮ್ಮೆ ಓಡಿ ಬರುತ್ತಿದ್ದರು, ಇನ್ನೊಮ್ಮೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮಗು ಹತ್ತಿರ ಬಂದಾಗಲೆಲ್ಲ ದೂರ ಸರಿಸುತ್ತಿದ್ದ ತಾಯಂದಿರ ಮಕ್ಕಳು ಎರಡನೆಯ ಗುಂಪಿನಲ್ಲಿದ್ದರು, ಅವರು ಕೇಳುವುದನ್ನೇ ನಿಲ್ಲಿಸಿದ್ದರು. ಪ್ರೀತಿ ಕಡಿಮೆ ಸಿಕ್ಕವರು ಹೆಚ್ಚು ಅಂಗಲಾಚುತ್ತಾರೆ ಎಂಬುದು ನಾವು ಸಾಮಾನ್ಯವಾಗಿ ಹಾಕುವ ಲೆಕ್ಕ. ಇಲ್ಲಿ ಕಂಡದ್ದು ಬೇರೆ: ಖಂಡಿತ ಸಿಗುವುದಿಲ್ಲ ಎಂದು ಗೊತ್ತಿದ್ದವರು ಸುಮ್ಮನಾದರು, ಸಿಗಬಹುದು ಸಿಗದಿರಬಹುದು ಎಂಬ ತೂಗುಯ್ಯಾಲೆಯಲ್ಲಿದ್ದವರು ಬಿಡದೆ ಕೇಳಿದರು. ಪ್ರಾಣಿಗಳ ಕಲಿಕೆಯ ಬಗ್ಗೆ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ.ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥವೂ ಇದಕ್ಕೆ ಹತ್ತಿರದ ಸಂಗತಿಯನ್ನು ಇನ್ನೊಂದು ದಾರಿಯಿಂದ ಹೇಳುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಕೊಟ್ಟ ವರ್ತನೆಯನ್ನು ಬಿಡಿಸುವುದು ಅತ್ಯಂತ ಕಷ್ಟ. ಇದು ದಿನನಿತ್ಯದ ಅನುಭವಕ್ಕೂ ಒಪ್ಪುತ್ತದೆ. ಹದಿನೈದು ನಿಮಿಷಕ್ಕೊಂದು ಬಸ್ಸು ಇದೆ ಎಂದು ಗೊತ್ತಿದ್ದವರು ನೆರಳಿನಲ್ಲಿ ಕೂರುತ್ತಾರೆ, ಯಾವಾಗ ಬರುತ್ತದೋ ಗೊತ್ತಿಲ್ಲದವರು ಬಿಸಿಲಲ್ಲಿ ರಸ್ತೆಗೆ ಇಳಿದು ಕತ್ತು ಚಾಚುತ್ತಾರೆ.

ಮಕ್ಕಳ ಈ ವಿಂಗಡಣೆ ದೊಡ್ಡವರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಸಿಂಡಿ ಹ್ಯಾಝನ್ ಮತ್ತು ಫಿಲಿಪ್ ಶೇವರ್ ಕೈಗೆತ್ತಿಕೊಂಡರು. ಅಮೆರಿಕದ ಡೆನ್ವರ್ ನಗರದ ದಿನಪತ್ರಿಕೆಯೊಂದರಲ್ಲಿ ಪ್ರೇಮದ ಬಗ್ಗೆ ಪ್ರಶ್ನಾವಳಿ ಅಚ್ಚು ಹಾಕಿಸಿ, ಬಂದ ಉತ್ತರಗಳಲ್ಲಿ 620ನ್ನು ವಿಶ್ಲೇಷಿಸಿ 1987ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ‘ಸಂಗಾತಿ ನಾನು ಬಯಸಿದಷ್ಟು ಹತ್ತಿರ ಬರುವುದಿಲ್ಲ, ಬಿಟ್ಟು ಹೋದಾರೆಂಬ ಭಯ’ ಎಂಬ ಅರ್ಥದ ವಿವರಣೆಯನ್ನು ತಮ್ಮದೆಂದು ಗುರುತಿಸಿಕೊಂಡಿದ್ದರು. ಪತ್ರಿಕೆಗೆ ಉತ್ತರ ಬರೆದು ಕಳಿಸುವ ಉತ್ಸಾಹವಿದ್ದವರ ಸಮೀಕ್ಷೆಯಾದ್ದರಿಂದ ಈ ಅಂಕಿಯನ್ನು ಮನುಕುಲಕ್ಕೆಲ್ಲ ಹಚ್ಚುವಂತಿಲ್ಲ. ಆದರೂ ಇಂಥ ಭಯ ವಿರಳವಾದ ಕಾಯಿಲೆಯಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. ಆಸರೆಯ ಬಯಕೆಯಂತೂ ಸುಖಿ ದಂಪತಿಗಳಲ್ಲೂ ಇದೆ. ಜೇಮ್ಸ್ ಕೋನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಾಂಪತ್ಯದಲ್ಲಿ ನೆಮ್ಮದಿಯಿಂದಿದ್ದ 16 ಮಹಿಳೆಯರನ್ನು ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಸಣ್ಣ ವಿದ್ಯುತ್ ಆಘಾತ ಆಗಬಹುದೆಂಬ ಸೂಚನೆ ಕೊಡಲಾಯಿತು. ಗಂಡನ ಕೈ ಹಿಡಿದಿದ್ದಾಗ ಮಿದುಳಿನಲ್ಲಿ ಬೆದರಿಕೆಗೆ ಪ್ರತಿಕ್ರಿಯಿಸುವ ಭಾಗಗಳು ಗಮನಾರ್ಹವಾಗಿ ತಣ್ಣಗಿದ್ದವು. ಅಪರಿಚಿತರ ಕೈ ಹಿಡಿದಾಗ ಆ ಪ್ರಯೋಜನ ಕಡಿಮೆಯಾಗಿತ್ತು. ದಾಂಪತ್ಯ ಚೆನ್ನಾಗಿದ್ದಷ್ಟೂ ಪರಿಣಾಮ ಹೆಚ್ಚಿತ್ತು. ಒಬ್ಬರ ಭಯವನ್ನು ಇನ್ನೊಬ್ಬರ ಸಾಮೀಪ್ಯ ಇಳಿಸುವುದು ಮನುಷ್ಯ ದೇಹದ ಸಹಜ ವ್ಯವಹಾರ. ಅದನ್ನು ಬಯಸುವುದನ್ನೇ ದೌರ್ಬಲ್ಯ ಎಂದರೆ ಆ ಹೆಂಗಸರೆಲ್ಲರನ್ನೂ ದುರ್ಬಲರೆನ್ನಬೇಕಾಗುತ್ತದೆ.

ಹಾಗಾದರೆ ಸಹಜ ಬಯಕೆ ಎಲ್ಲಿ ಕಾಟವಾಗುತ್ತದೆ? ಸಂಜೆಯ ಒಂದು ಮಾತುಕತೆಯನ್ನು ನೋಡೋಣ. ‘ನನ್ನ ಮೇಲೆ ಬೇಜಾರಾ?’ ‘ಇಲ್ಲ.’ ‘ಮತ್ತೆ ಯಾಕೆ ಸಪ್ಪಗಿದ್ದೀಯ?’ ‘ಏನೂ ಇಲ್ಲ ಅಂದೆನಲ್ಲ.’ ‘ನೋಡು, ಈಗ ಸಿಡುಕಿದೆ.’ ಕೇಳುವವರಿಗೆ ಬೇಕಾದದ್ದು ಒಂದು ಭರವಸೆ. ಅದು ಮೊದಲ ಉತ್ತರದಲ್ಲೇ ಸಿಕ್ಕಿತ್ತು. ಆದರೆ ತಾನು ಕೇಳಿದ್ದಕ್ಕೆ ಹೇಳಿದ್ದು ಅದು, ಮನಸ್ಸಿನಿಂದ ಬಂದದ್ದಲ್ಲ ಎಂಬ ಅನುಮಾನ ಕೂಡಲೇ ಏಳುತ್ತದೆ. ಹಿಂಡಿ ತೆಗೆದ ಭರವಸೆಗೆ ಬೆಲೆ ಕಡಿಮೆ, ಆದ್ದರಿಂದ ಇನ್ನೊಮ್ಮೆ ಕೇಳಬೇಕಾಗುತ್ತದೆ. ಮೂರನೆಯ ಸಲಕ್ಕೆ ಎದುರಿನವರು ನಿಜವಾಗಿಯೂ ರೇಗುತ್ತಾರೆ, ಅನುಮಾನ ನಿಜವಾಗುತ್ತದೆ. ಖಿನ್ನತೆಯ ಸಂದರ್ಭದಲ್ಲಿ ನಡೆಯುವ ಈ ಸುತ್ತನ್ನು ಜೇಮ್ಸ್ ಕಾಯ್ನ್ 1976ರಲ್ಲೇ ವಿವರಿಸಿದ್ದರು. 1990ರ ದಶಕದಲ್ಲಿ ಥಾಮಸ್ ಜಾಯ್ನರ್ ಮತ್ತು ಸಂಗಡಿಗರು ಹಾಸ್ಟೆಲ್ ಕೋಣೆ ಹಂಚಿಕೊಂಡ ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿದರು. ಖಿನ್ನತೆ ಮತ್ತು ಭರವಸೆಗಾಗಿ ಪದೇ ಪದೇ ಕೇಳುವ ಅಭ್ಯಾಸ ಒಟ್ಟಿಗಿದ್ದವರಿಂದ ಜೊತೆಗಾರರು ದೂರವಾಗುವ ಸಂಭವ ಹೆಚ್ಚು ಎಂಬುದಕ್ಕೆ ಅಲ್ಲಿ ಆಧಾರ ಸಿಕ್ಕಿತು. 2014ರ ಕೊನೆಯಲ್ಲಿ ಬಂದ ನೀಲಿ ಟಿಕ್ ಈ ಸುತ್ತಿಗೆ ಹೊಸ ಇಂಧನ ಹಾಕಿತು. ಹಿಂದೆ ಪತ್ರ ತಲುಪಲಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳಲು ಜಾಗವಿತ್ತು. ಈಗ ತಲುಪಿದೆ, ಓದಿದ್ದಾರೆ ಎಂಬುದು ಗೊತ್ತು. ಉತ್ತರ ಯಾಕಿಲ್ಲ ಎಂಬುದು ಮಾತ್ರ ಗೊತ್ತಿಲ್ಲ, ಆ ಖಾಲಿ ಜಾಗವನ್ನು ಭಯ ತುಂಬುತ್ತದೆ.

ಈ ಸುತ್ತನ್ನು ಒಬ್ಬರೇ ತಿರುಗಿಸುವುದಿಲ್ಲ. ದಂಪತಿಗಳ ಜಗಳಗಳನ್ನು ಅಧ್ಯಯನ ಮಾಡಿದ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಹೆವಿ, ಒಬ್ಬರು ಬೆನ್ನು ಹತ್ತಿ ಒತ್ತಾಯಿಸುವ, ಇನ್ನೊಬ್ಬರು ಮಾತು ನುಂಗಿ ಹಿಂದೆ ಸರಿಯುವ ಮಾದರಿಯನ್ನು 1990ರ ಸುಮಾರಿಗೆ ವಿವರವಾಗಿ ದಾಖಲಿಸಿದರು. ಒಟ್ಟಾರೆ ಹೆಂಡತಿಯರೇ ಬೆನ್ನು ಹತ್ತುವುದು ಹೆಚ್ಚು ಎಂಬುದು ಕಂಡುಬಂತಾದರೂ, ಯಾರು ಬದಲಾವಣೆ ಬಯಸುತ್ತಿದ್ದಾರೆ ಎಂಬುದರ ಮೇಲೆ ಪಾತ್ರಗಳು ಬದಲಾಗುತ್ತಿದ್ದವು. ಈಗಿರುವ ಸ್ಥಿತಿ ಯಾರಿಗೆ ಅನುಕೂಲವೋ ಅವರು ಸುಮ್ಮನಿರುತ್ತಾರೆ, ಯಾರಿಗೆ ಸಾಲದೋ ಅವರು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಇದನ್ನು ಕಾಣುವುದು ಕಷ್ಟವಲ್ಲ. ಕಚೇರಿಯಿಂದ ಬಂದೊಡನೆ ಕಾಫಿ ಲೋಟ ಕೈಗೆ ಬರಬೇಕು, ಊಟಕ್ಕೆ ಕೂತಾಗ ಹೆಂಡತಿ ಎದುರಿಗಿರಬೇಕು, ಅವಳು ತವರಿಗೆ ಹೋದ ಎರಡನೆಯ ದಿನಕ್ಕೇ ‘ಯಾವಾಗ ಬರ್ತೀಯ’ ಎಂದು ಫೋನು ಹೋಗಬೇಕು. ಇದೂ ಹಂಬಲವೇ. ಕೇಳುವ ಮೊದಲೇ ಪೂರೈಕೆಯಾಗುವುದರಿಂದ ಅದಕ್ಕೆ ಯಾರೂ ಹೆಸರಿಟ್ಟಿಲ್ಲ. ಅದೇ ಹೆಂಡತಿ ‘ಭಾನುವಾರವಾದರೂ ನನ್ನ ಜೊತೆ ಒಂದು ಗಂಟೆ ಕೂತು ಮಾತಾಡು’ ಎಂದರೆ ಅದು ಹಠ ಎನಿಸಿಕೊಳ್ಳುತ್ತದೆ. ಯಾರ ಬಯಕೆ ಕಣ್ಣಿಗೆ ಬೀಳುತ್ತದೆ, ಯಾರದು ಬೀಳುವುದಿಲ್ಲ ಎಂಬುದನ್ನು ನಿರ್ಧರಿಸುವುದರಲ್ಲಿ ಮನೆಯ ಅಧಿಕಾರಕ್ಕೂ ಪಾಲಿದೆ.

ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ. ಕೇಳಿದ್ದನ್ನೆಲ್ಲ ಕೊಡುತ್ತ ಹೋದರೆ ಕೇಳುವ ಚಟ ಇನ್ನೂ ಬೆಳೆಯುವುದಿಲ್ಲವೇ? ತಾಯಿ ಬೇಗ ಸ್ಪಂದಿಸಿದ ಕೂಸುಗಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು ಎಂದು ಸಿಲ್ವಿಯಾ ಬೆಲ್ ಮತ್ತು ಏನ್ಸ್‌ವರ್ತ್ 1972ರಲ್ಲಿ ಬರೆದದ್ದನ್ನು ಇದಕ್ಕೆ ಉತ್ತರವಾಗಿ ಉದಾಹರಿಸುವ ವಾಡಿಕೆಯಿದೆ. ಆ ಅಧ್ಯಯನದ ಲೆಕ್ಕಾಚಾರವನ್ನು ಹಲವರು ಪ್ರಶ್ನಿಸಿದ್ದಾರೆ. 1991ರಲ್ಲಿ ಹಾಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಅದೇ ಫಲ ಬರಲಿಲ್ಲ, ಪುಟ್ಟ ಕಿರಿಕಿರಿಗಳಿಗೆ ತಾಯಿ ತಕ್ಷಣ ಓಡದಿದ್ದಾಗ ಮುಂದೆ ಅಳು ಕಡಿಮೆಯಾದದ್ದೇ ಕಂಡಿತು. ಆದ್ದರಿಂದ ಆ ಸಾಕ್ಷ್ಯದ ಮೇಲೆ ಭಾರ ಹಾಕುವುದು ಸರಿಯಲ್ಲ. ವಯಸ್ಕರ ಬಗ್ಗೆ ಇನ್ನೂ ನೇರವಾದ ಸಾಕ್ಷ್ಯವಿದೆ. ಬ್ರೂಕ್ ಫೀನಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯ ಅವಲಂಬನೆಯನ್ನು ಬೇಸರವಿಲ್ಲದೆ ಒಪ್ಪಿಕೊಂಡವರ ಜೊತೆಗಾರರು ಆರು ತಿಂಗಳ ನಂತರ ಹೆಚ್ಚು ಸ್ವತಂತ್ರವಾಗಿ ನಡೆದುಕೊಳ್ಳುತ್ತಿದ್ದರು, ತಾವು ಅಂದುಕೊಂಡ ಗುರಿಗಳನ್ನು ಮುಟ್ಟುವುದರಲ್ಲೂ ಮುಂದಿದ್ದರು. ಅವಲಂಬನೆಯನ್ನು ಒಪ್ಪಿಕೊಳ್ಳುವುದು ಬೇರೆ, ಪ್ರತಿಯೊಂದು ಒತ್ತಾಯಕ್ಕೂ ಮಣಿಯುವುದು ಬೇರೆ. ಒಂಬತ್ತು ಸಲ ಅಸಡ್ಡೆ ತೋರಿ ಹತ್ತನೆಯ ಸಲ ಅಳು ನೋಡಲಾರದೆ ಕೊಡುವುದೇ ಅತ್ಯಂತ ಕೆಟ್ಟ ಪದ್ಧತಿ. ಆಗ ಅಳುವುದೇ ಕೇಳುವ ದಾರಿ ಎಂಬ ಪಾಠವಾಗುತ್ತದೆ. ‘ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡುತ್ತೇನೆ, ಮಧ್ಯೆ ಮೆಸೇಜ್‌ಗೆ ಉತ್ತರ ಕೊಡಲು ಆಗುವುದಿಲ್ಲ’ ಎಂದು ಹೇಳಿ, ಹೇಳಿದಂತೆ ದಿನವೂ ಮಾಡುವವರು ಕೊಡುವ ಸಮಯ ಕಡಿಮೆಯೇ ಇರಬಹುದು, ಭರವಸೆ ಮಾತ್ರ ಹೆಚ್ಚು.

ಎರಡನೆಯ ಆಕ್ಷೇಪ ಬಾಲ್ಯದ್ದು. ಎಳವೆಯಲ್ಲಿ ಬಿದ್ದ ಗಾಯ ಸಾಯುವ ತನಕ ಮಾಯುವುದಿಲ್ಲ, ಪಾಪ ಸಂಗಾತಿ ಏನು ಮಾಡಲು ಸಾಧ್ಯ ಎನ್ನುತ್ತಾರೆ. ಬೌಲ್ಬಿಯನ್ನು ಅರ್ಧ ಓದಿದವರು ಈ ತೀರ್ಮಾನಕ್ಕೆ ಬೇಗ ಬರುತ್ತಾರೆ. ಒಂದು ವರ್ಷದಲ್ಲಿ ಏನ್ಸ್‌ವರ್ತ್ ಪರೀಕ್ಷೆಗೆ ಒಳಗಾದವರನ್ನು ಇಪ್ಪತ್ತು ವರ್ಷಗಳ ನಂತರ ಮತ್ತೆ ಹುಡುಕಿ ಮಾತಾಡಿಸಿದ ಅಧ್ಯಯನಗಳು 2000ದಲ್ಲಿ ಪ್ರಕಟವಾದವು. ಎವರೆಟ್ ವಾಟರ್ಸ್ ತಂಡ ನೋಡಿದ 50 ಮಂದಿ ಮಧ್ಯಮವರ್ಗದವರಲ್ಲಿ ಶೇ 72ರಷ್ಟು ಜನ ಅದೇ ಬಗೆಯಲ್ಲಿ ಉಳಿದಿದ್ದರು. ಬಡತನದಲ್ಲಿ ಬೆಳೆದವರನ್ನು ನೋಡಿದ ಇನ್ನೊಂದು ತಂಡಕ್ಕೆ ಅಂಥ ಸ್ಥಿರತೆ ಸಿಗಲಿಲ್ಲ. ಬದುಕು ಅಲುಗಾಡಿದಲ್ಲಿ ಬಗೆಯೂ ಬದಲಾಗಿತ್ತು. ಎಂದರೆ ಬಾಲ್ಯ ಒಂದು ಒಲವನ್ನು ಕೊಡುತ್ತದೆ, ಆಮೇಲಿನ ಸಂಬಂಧಗಳು ಅದನ್ನು ಗಟ್ಟಿ ಮಾಡುತ್ತವೆ ಅಥವಾ ಸಡಿಲಿಸುತ್ತವೆ. ಹುಟ್ಟಿನಿಂದಲೇ ಬೇಗ ಗಾಬರಿಯಾಗುವ ಮನೋಧರ್ಮದವರೂ ಇದ್ದಾರೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಅಂಥವರಿಗೆ ಖಚಿತವಾದ ಮಾತು ಇನ್ನಷ್ಟು ಬೇಕು ಎಂದಷ್ಟೇ ಅದರಿಂದ ತಿಳಿಯಬೇಕು. ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ಕೆನಡಾದಲ್ಲಿ ಆರಂಭಿಸಿದ ದಂಪತಿ ಚಿಕಿತ್ಸೆ, ಆಮೇಲಿನ ಸಂಬಂಧ ಬಾಲ್ಯದ ಒಲವನ್ನು ಸಡಿಲಿಸಬಲ್ಲದು ಎಂಬ ನಂಬಿಕೆಯ ಮೇಲೇ ನಿಂತಿದೆ. ಅಲ್ಲಿ ‘ನೀನು ಯಾವಾಗಲೂ ಹೀಗೇ’ ಎಂಬ ದೂರಿನ ಅಡಿಯಲ್ಲಿರುವ ‘ನಿನಗೆ ನಾನು ಬೇಡವಾದೆನೇನೋ’ ಎಂಬ ಭಯವನ್ನು ಆಡಲು ಒಬ್ಬರಿಗೂ ಕೇಳಿಸಿಕೊಳ್ಳಲು ಇನ್ನೊಬ್ಬರಿಗೂ ಕಲಿಸುತ್ತಾರೆ.

ಮೂರನೆಯದು, ಇದೆಲ್ಲ ಪಶ್ಚಿಮದ ಸರಕು, ನಮಗೆ ಹೊಂದುವುದಿಲ್ಲ ಎಂಬ ಮಾತು. ಇದರಲ್ಲಿ ತಿರುಳಿದೆ. ಜಪಾನಿನ ಮನೋವೈದ್ಯ ತಾಕೆಓ ದೋಯಿ 1971ರಲ್ಲೇ, ತನ್ನವರ ಸಲುಗೆಯನ್ನು ನಂಬಿ ಅವರ ಮೇಲೆ ಭಾರ ಹಾಕುವುದು ತನ್ನ ಸಮಾಜದಲ್ಲಿ ಸಂಬಂಧದ ಆಧಾರವೇ ಹೊರತು ರೋಗವಲ್ಲ ಎಂದು ವಾದಿಸಿದ್ದರು. ಭಾರತದಲ್ಲಿ ಸುಧೀರ್ ಕಾಕರ್ 1978ರ ತಮ್ಮ ಕೃತಿಯಲ್ಲಿ ಇಲ್ಲಿನ ಮನಸ್ಸು ಇತರರೊಂದಿಗೆ ಹೆಣೆದುಕೊಂಡೇ ರೂಪುಗೊಳ್ಳುವುದನ್ನು ವಿವರಿಸಿದರು. ಆದರೆ ಈ ಸಾಕ್ಷ್ಯಗಳು ‘ಸ್ವತಂತ್ರನಾಗು’ ಎಂಬ ಉಪದೇಶವನ್ನು ದುರ್ಬಲಗೊಳಿಸುತ್ತವೆಯೇ ಹೊರತು ಅನಿಶ್ಚಿತತೆಯ ವಾದವನ್ನಲ್ಲ. ಎಂಟು ದೇಶಗಳಲ್ಲಿ ನಡೆದ ಏನ್ಸ್‌ವರ್ತ್ ಪರೀಕ್ಷೆಗಳನ್ನು 1988ರಲ್ಲಿ ಒಟ್ಟುಗೂಡಿಸಿದ ಡಚ್ ಸಂಶೋಧಕರಿಗೆ ದೇಶದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ದೊಡ್ಡದಾಗಿ ಕಂಡಿತು. ನಮ್ಮ ಹಳೆಯ ಪದ್ಧತಿಗಳು ಆಸರೆಯನ್ನು ಹಲವರಿಗೆ ಹಂಚಿದ್ದವು. ಮದುವೆಯಾದ ಮೊದಲ ಆಷಾಢಕ್ಕೆ ಹುಡುಗಿ ತವರಿಗೆ ಹೋಗುತ್ತಿದ್ದಳು, ಗೌರಿ ಹಬ್ಬಕ್ಕೆ ಬಾಗಿನ ಬರುತ್ತಿತ್ತು, ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ. ಅವು ಗೊತ್ತಾದ ದಿನಕ್ಕೆ ತಪ್ಪದೆ ಬರುವ ಆಸರೆಗಳು. ಹಾಗೆಂದು ಕೂಡು ಕುಟುಂಬವನ್ನು ಹೊಗಳಿ ಮುಗಿಸುವಂತಿಲ್ಲ. ಹತ್ತು ಜನರ ಮನೆಯಲ್ಲಿ ಗಂಡನೊಡನೆ ಹತ್ತು ಮಾತಾಡಲು ಬಿಡುವಿಲ್ಲದೆ ಕೊರಗಿದ ಸೊಸೆಯಂದಿರ ಲೆಕ್ಕ ಯಾರೂ ಇಟ್ಟಿಲ್ಲ. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲೋ ಹೊರದೇಶದ ಊರಿನಲ್ಲೋ ಇರುವ ಇಬ್ಬರ ಸಂಸಾರಕ್ಕೆ ಮಾತಿಗೆ ಬಿಡುವು ಸಿಕ್ಕಿದೆ, ಆದರೆ ಗೆಳತಿ, ಅತ್ತಿಗೆ, ಅಣ್ಣ, ನೆರೆಯವರು ಎಲ್ಲರ ಪಾಲನ್ನೂ ಒಬ್ಬರೇ ಹೊರಬೇಕಾಗಿದೆ. ಎಲೇನ್ ಚಿಯಂಗ್ ಮತ್ತು ಸಂಗಡಿಗರ 2015ರ ಅಧ್ಯಯನದ ಪ್ರಕಾರ, ದುಃಖಕ್ಕೊಬ್ಬರು ಆತಂಕಕ್ಕೊಬ್ಬರು ಎಂದು ಬೇರೆ ಬೇರೆ ಭಾವನೆಗೆ ಬೇರೆ ಬೇರೆಯವರ ಬಳಿ ಹೋಗುವವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ.

ಕೊನೆಯ ಆಕ್ಷೇಪ ಗಂಭೀರವಾದದ್ದು. ‘ನೀನಿಲ್ಲದೆ ಬದುಕಲಾರೆ’ ಎಂಬ ಮಾತಿನ ಮರೆಯಲ್ಲಿ ಫೋನ್ ಕಸಿದು ನೋಡುವುದು, ಗೆಳೆಯರಿಂದ ಬಿಡಿಸುವುದು, ಸಂಬಳದ ಲೆಕ್ಕ ಕೇಳುವುದು, ಕೈ ಎತ್ತುವುದು ನಡೆಯುತ್ತದೆ. ಇದಕ್ಕೂ ಸ್ಪಂದಿಸಬೇಕೇ? ಖಂಡಿತ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಂಥ ರಾಜ್ಯದಲ್ಲಿ ಹಂಬಲದ ಬಗ್ಗೆ ಬರೆಯುವವರು ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಲೇಬೇಕು. ಹಂಬಲ ಇನ್ನೊಬ್ಬರ ಸಮಯವನ್ನು ಕೇಳುತ್ತದೆ, ‘ಈಗ ಆಗುವುದಿಲ್ಲ’ ಎಂಬ ಉತ್ತರಕ್ಕೆ ನೋಯುತ್ತದೆ. ಹಿಡಿತ ಇನ್ನೊಬ್ಬರ ಬದುಕನ್ನೇ ಕೇಳುತ್ತದೆ, ಆ ಉತ್ತರಕ್ಕೆ ಶಿಕ್ಷೆ ಕೊಡುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಮತ್ತು ಭಾವನಾತ್ಮಕ ಕಿರುಕುಳವನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಸಾಯುತ್ತೇನೆ ಎಂಬ ಬೆದರಿಕೆ ಬಂದಲ್ಲಿ ಸಂಗಾತಿಯೇ ವೈದ್ಯರಾಗಲು ಹೊರಡಬಾರದು. ನಿಮ್ಹಾನ್ಸ್ ಉಸ್ತುವಾರಿಯ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ, ಹಿಂಸೆಗೆ ಒಳಗಾದ ಮಹಿಳೆಯರಿಗೆ 181 ಇದೆ.

ಈ ಗೆರೆಯ ಈಚೆಗಿನ ಸಾಮಾನ್ಯ ಸಂಸಾರಗಳಲ್ಲಿ ಮಾಡಬಹುದಾದ ಕೆಲಸ ಇಬ್ಬರಿಗೂ ಇದೆ. ಕೇಳುವವರು ಪರೀಕ್ಷೆ ಇಡುವುದನ್ನು ಬಿಟ್ಟು ಬಾಯಿಬಿಟ್ಟು ಕೇಳಬೇಕು. ಹುಟ್ಟುಹಬ್ಬ ನೆನಪಿದೆಯೋ ನೋಡೋಣ ಎಂದು ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡು ರಾತ್ರಿ ಅಳುವುದಕ್ಕಿಂತ ‘ಇವತ್ತು ಬೇಗ ಬಾ’ ಎನ್ನುವುದು ಒಳ್ಳೆಯದು, ಕೇಳಿ ಪಡೆದ ಪ್ರೀತಿ ಕಡಿಮೆ ಪ್ರೀತಿಯಲ್ಲ. ಒಮ್ಮೆ ಭರವಸೆ ಸಿಕ್ಕ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುವ ಮುನ್ನ ಒಂದಷ್ಟು ಹೊತ್ತು ತಡೆದು ನೋಡುವುದನ್ನು ರೂಢಿಸಿಕೊಳ್ಳಬೇಕು. ಬಿಟ್ಟುಹೋದ ಗೆಳೆತನಗಳನ್ನು ಮತ್ತೆ ಹಿಡಿಯಬೇಕು. ಕೊಡುವವರು ದೊಡ್ಡ ಮಾತು ಕೊಡುವುದಕ್ಕಿಂತ ಚಿಕ್ಕ ಮಾತು ಕೊಟ್ಟು ಉಳಿಸಿಕೊಳ್ಳಬೇಕು. ಜಗಳದ ಮಧ್ಯೆ ಎದ್ದು ಹೋಗಬೇಕೆನಿಸಿದರೆ ‘ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೇಳಿ ಹೋಗಬೇಕು, ಆ ಅರ್ಧ ಗಂಟೆಗೆ ತಾನೇ ಬಂದು ಮಾತು ತೆಗೆಯಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆಯನ್ನು ನಂಬಿ ಜಗಳವನ್ನು ಮಾತಿಲ್ಲದೆ ಮುಚ್ಚಿಹಾಕಿದರೆ ಒಬ್ಬರ ಪಾಲಿಗೆ ಅದು ಮುಗಿದಿರುತ್ತದೆ, ಇನ್ನೊಬ್ಬರ ಪಾಲಿಗೆ ಉತ್ತರ ಸಿಗದೆ ಉಳಿದಿರುತ್ತದೆ. ಇಷ್ಟು ಮಾಡಿದರೂ ಎಲ್ಲ ಸಂಬಂಧಗಳೂ ಸರಿಹೋಗುತ್ತವೆ ಎನ್ನಲಾಗದು. ಎಷ್ಟು ಖಚಿತವಾಗಿ ನಡೆದುಕೊಂಡರೂ ತಣಿಯದ ಭಯ ಕೆಲವರಲ್ಲಿರುತ್ತದೆ, ಅವರಿಗೆ ಚಿಕಿತ್ಸಕರ ನೆರವು ಬೇಕು. ಹತ್ತಿರ ಬರಲು ಸುತರಾಂ ಒಪ್ಪದವರ ಜೊತೆ ಬಾಳುತ್ತಿರುವವರು ತಮ್ಮ ಬಯಕೆಯಲ್ಲೇ ದೋಷ ಹುಡುಕುತ್ತ ಕೂರಬೇಕಾಗಿಲ್ಲ. ಹಾಗಾಗಿ ಒಂದು ಸಂಬಂಧ ಯಾವ ದಿಕ್ಕಿಗೆ ಹೊರಟಿದೆ ಎಂದು ತಿಳಿಯಲು ಯಾರು ಹೆಚ್ಚು ಕೇಳುತ್ತಾರೆ ಎಂದು ಎಣಿಸಿ ಪ್ರಯೋಜನವಿಲ್ಲ. ಕೇಳುವುದು ಇಬ್ಬರಿಗೂ ಮೊದಲಿಗಿಂತ ಸುಲಭವಾಗುತ್ತಿದೆಯೇ, ‘ಈಗ ಆಗುವುದಿಲ್ಲ’ ಎಂಬ ಉತ್ತರವನ್ನು ಇಬ್ಬರೂ ಮೊದಲಿಗಿಂತ ಕಡಿಮೆ ಭಯದಿಂದ ಕೇಳಿಸಿಕೊಳ್ಳಬಲ್ಲರೇ ಎಂದು ನೋಡಬೇಕು. ಈ ಎರಡಕ್ಕೂ ಹೌದು ಎನ್ನುವಂತಾದರೆ, ಸಂಜೆಯ ಪ್ರಶ್ನೆಗಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.